ಅವಳಿ ಕೂಸುಗಳಿಗೆ ಎರಡು ತೂಕ

(ರೈತ ಕುಟುಂಬಗಳ ಕೂಟದಲ್ಲಿ ನಿವೃತ್ತ ಆರೋಗ್ಯ ಸಹಾಯಕಿಯೊಬ್ಬರು ಮಾಡಿದ ಭಾಷಣ)



ಬೆಳಗಿನಿಂದ ಈ ಕೂಟದಲ್ಲಿ ಬೀಜೋಪಚಾರದ ಮಾತಾಯಿತು, ಕುರಿಗಳ ಲಸಿಕೆಯ ಮಾತಾಯಿತು. ಈಗ ನನ್ನ ಸರದಿ ಬಂದಿದೆ. ಬಾಣಂತಿ ಕೂಸಿನ ಮಾತು ಶುರುವಾಯಿತೆಂದರೆ ಗಂಡಸರು ಒಬ್ಬೊಬ್ಬರಾಗಿ ಎದ್ದು ಚಹಾದ ಅಂಗಡಿಗೆ ಹೋಗುವುದು ಎಲ್ಲ ಊರಲ್ಲೂ ವಾಡಿಕೆ. ಇವತ್ತು ಹಾಗೆ ಮಾಡಬೇಡಿರಿ. ನಾನು ಹೇಳಬೇಕೆಂದಿರುವ ಮಾತಿನಲ್ಲಿ ಅರ್ಧದಷ್ಟು ಗಂಡಸರಿಗೇ ಸಂಬಂಧಪಟ್ಟದ್ದು. ಅದು ಯಾಕೆಂಬುದು ಮುಂದೆ ತಿಳಿಯುತ್ತದೆ.

ಮೊದಲಿಗೆ ಒಂದು ಪ್ರಶ್ನೆ. ಹೋದ ಸುಗ್ಗಿಯಲ್ಲಿ ಶೇಂಗಾ ಮಾರಿದಿರಲ್ಲ, ಎಷ್ಟು ಕ್ವಿಂಟಲ್ ಆಯಿತು, ಖಾಲಿ ಚೀಲದ ತೂಕವೆಂದು ಎಷ್ಟು ಕಳೆದರು ಎಂದು ಕೇಳಿದರೆ ಇಲ್ಲಿರುವ ಪ್ರತಿಯೊಬ್ಬರೂ ನಿದ್ದೆಗಣ್ಣಿನಲ್ಲಿಯೂ ಹೇಳುತ್ತೀರಿ. ಚೀಲಕ್ಕೆ ನೂರು ಗ್ರಾಂ ಹೆಚ್ಚು ಕಳೆದರೆ ತಕ್ಕಡಿಯವನನ್ನು ಬಿಡುವವರಲ್ಲ ನೀವು. ಬಿಡಲೂಬಾರದು. ಆದರೆ ನಿಮ್ಮ ಮಗು ಹುಟ್ಟಿದಾಗ ಎಷ್ಟು ತೂಗಿತ್ತು ಎಂದು ಕೇಳಿದರೆ? ತಾಯಿ ಕಾರ್ಡಿನಲ್ಲಿ ಬರೆದಿದ್ದಾರೆ, ಕಾರ್ಡು ಟ್ರಂಕಿನಲ್ಲಿದೆ, ಟ್ರಂಕಿನ ಬೀಗದ ಕೈ ಅತ್ತೆಯ ಹತ್ತಿರ ಇದೆ. ನನಗೆ ಸಿಕ್ಕ ಉತ್ತರಗಳು ಬಹುಮಟ್ಟಿಗೆ ಇಂಥವೇ.

ನಿಮ್ಮನ್ನು ಹಾಸ್ಯ ಮಾಡುವ ಹಕ್ಕು ನನಗಿಲ್ಲ. ನನ್ನದೇ ಒಂದು ತಪ್ಪನ್ನು ಹೇಳಿ ಮುಂದುವರಿಯುತ್ತೇನೆ.

1986ನೆಯ ಇಸವಿ. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ರಸ್ತೆಯಿಂದ ಒಳಗೆ ಇದ್ದ ಒಂದು ಊರಿನಲ್ಲಿ ಅವಳಿ ಹೆರಿಗೆಯಾಗಿದೆ ಎಂದು ಸುದ್ದಿ ಬಂತು. ಆಗ ಹೆರಿಗೆಗಳೆಲ್ಲ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಮರುದಿನ ಸಂಜೆ ಹೋದೆ. ಎರಡೂ ಗಂಡು ಕೂಸು. ಒಂದನ್ನು ಜೋಳಿಗೆಗೆ ಹಾಕಿ ತೂಗಿದೆ, 2 ಕಿಲೋ 300 ಗ್ರಾಂ ಬಂತು. ಇನ್ನೊಂದು ಅಜ್ಜಿಯ ತೊಡೆಯ ಮೇಲೆ ಬಟ್ಟೆಯೊಳಗೆ ಮಲಗಿತ್ತು. "ಮಲಗಿದ ಕೂಸನ್ನು ಯಾಕೆ ಎಬ್ಬಿಸುತ್ತಿಯವ್ವಾ, ಒಂದೇ ಬಸಿರಿನವು, ಅದೂ ಅಷ್ಟೇ ಇದ್ದೀತು" ಎಂದಳು ಅಜ್ಜಿ. ಹೊತ್ತು ಮುಳುಗುತ್ತಿತ್ತು, ಕಡೆಯ ಬಸ್ಸು ತಪ್ಪುವ ಭಯ ನನಗೆ. ರಿಜಿಸ್ಟರಿನಲ್ಲಿ ಮೊದಲನೆಯ ಕೂಸಿನ ಮುಂದೆ 2300 ಎಂದು ಬರೆದು, ಎರಡನೆಯದರ ಮುಂದೆ "ಅದೇ" ಎಂದು ಬರೆದೆ. ಒಂಬತ್ತನೆಯ ದಿನ ಆ ಎರಡನೆಯ ಕೂಸು ತೀರಿಕೊಂಡಿತು. ಜ್ವರವಿಲ್ಲ, ಕೆಮ್ಮಿಲ್ಲ. "ಅಳುತ್ತಲೇ ಇರಲಿಲ್ಲ, ಬಹಳ ಸಂಭಾವಿತ ಕೂಸು" ಎಂದು ತಾಯಿ ಅತ್ತಳು. ಹೋಗಿ ನೋಡಿದಾಗ ಆ ಕೂಸಿನ ಕೈ ನನ್ನ ಹೆಬ್ಬೆರಳಿನಷ್ಟೂ ದಪ್ಪವಿರಲಿಲ್ಲ. ಅದು ಎಷ್ಟು ತೂಗುತ್ತಿತ್ತೆಂಬುದು ನನಗೆ ಕೊನೆಗೂ ತಿಳಿಯಲಿಲ್ಲ, ನಾನು ತೂಗಿರಲಿಲ್ಲವಲ್ಲ. ಆಮೇಲಿನ ಸೇವೆಯಲ್ಲಿ "ಅದೇ" ಎಂಬ ಮಾತನ್ನು ನಾನು ಯಾವ ರಿಜಿಸ್ಟರಿನಲ್ಲಿಯೂ ಬರೆದದ್ದಿಲ್ಲ.

ಒಂದೇ ಬಸಿರಿನಲ್ಲಿ, ಒಂದೇ ತಾಯಿ ಉಂಡ ಅನ್ನದಲ್ಲಿ ಬೆಳೆದ ಎರಡು ಕೂಸುಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಯಾಕಾಗುತ್ತದೆ? ಹಳ್ಳಿಯಲ್ಲಿ ಇದಕ್ಕೆ ಬೇಕಾದಷ್ಟು ಕಾರಣ ಹೇಳುತ್ತಾರೆ. ಗ್ರಹಣ ನೋಡಿದಳು ಎನ್ನುತ್ತಾರೆ. ಜೋಡಿ ಬಾಳೆಹಣ್ಣು ತಿಂದರೆ ಅವಳಿ ಹುಟ್ಟುತ್ತದೆ ಎನ್ನುವವರೂ ಇದ್ದಾರೆ. ಬಾಳೆಹಣ್ಣು ತಿನ್ನಿರಿ, ಏನೂ ಆಗುವುದಿಲ್ಲ. ನಿಜವಾದ ಕಾರಣವನ್ನು ರೈತರಾದ ನೀವು ಬೇರೆಯವರಿಗಿಂತ ಬೇಗ ತಿಳಿದುಕೊಳ್ಳಬಲ್ಲಿರಿ.

ಅವಳಿಯಲ್ಲಿ ಎರಡು ಜಾತಿ. ತಾಯಿಯಲ್ಲಿ ಒಂದೇ ತಿಂಗಳು ಎರಡು ಅಂಡಗಳು ಬಿಡುಗಡೆಯಾಗಿ ಎರಡೂ ಫಲಿಸಿದರೆ ಅದು ಒಂದು ಜಾತಿ. ಇವು ಒಟ್ಟಿಗೆ ಹುಟ್ಟಿದ ಅಣ್ಣತಮ್ಮಂದಿರು ಅಷ್ಟೆ. ಒಂದು ಗಂಡು ಒಂದು ಹೆಣ್ಣು ಆಗಬಹುದು, ಮುಖದಲ್ಲಿ ಹೋಲಿಕೆ ಇಲ್ಲದಿರಬಹುದು. ಒಂದೇ ಅಂಡ ಫಲಿಸಿ, ಆಮೇಲೆ ಸೀಳಿ ಎರಡಾದರೆ ಅದು ಇನ್ನೊಂದು ಜಾತಿ. ಇವು ತದ್ರೂಪಿನ ಕೂಸುಗಳು. ಬಸಿರಿನಲ್ಲಿ ಕೂಸಿಗೆ ಅನ್ನ, ಗಾಳಿ ಎಲ್ಲವೂ ಮಾಸಿನ ಮೂಲಕ, ಹೊಕ್ಕುಳ ಬಳ್ಳಿಯಿಂದ ಬರತಕ್ಕದ್ದು. ಹೆರಿಗೆಯಾದ ಮೇಲೆ ಕಸ ಬಿತ್ತು ಎನ್ನುತ್ತೀರಲ್ಲ, ಅದೇ ಮಾಸು. ಎರಡು ಅಂಡದ ಅವಳಿಗೆ ಎರಡು ಮಾಸು ಇರುತ್ತವೆ. ಎರಡು ಹೊಲಕ್ಕೆ ಎರಡು ಬಾವಿ ಇದ್ದಂತೆ. ಹಾಗಿದ್ದರೂ ಒಂದು ಬಾವಿ ಒಳ್ಳೆಯ ಸೆಲೆಯ ಮೇಲೆ ಬಿದ್ದಿರಬಹುದು, ಇನ್ನೊಂದು ಅಷ್ಟಾಗಿ ನೀರು ಕೊಡದೆ ಇರಬಹುದು. ಜೊತೆಗೆ ಇವುಗಳಲ್ಲಿ ಹುಟ್ಟುಗುಣವೇ ಬೇರೆ ಬೇರೆ ಇರುವುದರಿಂದ ಒಂದಿಷ್ಟು ಅಂತರ ಬರುವುದು ಸಹಜ.

ತದ್ರೂಪಿನ ಅವಳಿಗಳಲ್ಲಿ ಹೆಚ್ಚಿನವಕ್ಕೆ ಮಾಸು ಒಂದೇ. ಇಲ್ಲಿಯೇ ಗಮನಿಸಬೇಕಾದ ಸಂಗತಿ. ಒಂದೇ ಕಾಲುವೆಯ ಮೇಲೆ ಎರಡು ಹೊಲ. ಮೇಲ್ಭಾಗದವನು ತೂಬು ತೆರೆದು ಕುಳಿತರೆ ಕೊನೆಯ ಭಾಗದವನಿಗೆ ನೀರು ಮುಟ್ಟುವುದೇ? ಈ ಸಭೆಯಲ್ಲಿ ಕಾಲುವೆಯ ಕೊನೆಯ ಭಾಗದವರು ಎಷ್ಟು ಮಂದಿ ಇದ್ದೀರಿ ಎಂಬುದು ನನಗೆ ಗೊತ್ತು, ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಯೇ ಒಂದು ಕೂಸಿನ ಬಳ್ಳಿ ಮಾಸಿನ ನಡುವೆ ಕೂಡಿಕೊಂಡಿರುತ್ತದೆ, ಇನ್ನೊಂದರದು ಅಂಚಿಗೆ ಅಂಟಿಕೊಂಡಿರುತ್ತದೆ. ನಡುವಿನದಕ್ಕೆ ಪಾಲು ಹೆಚ್ಚು, ಅಂಚಿನದಕ್ಕೆ ಕಡಿಮೆ.

ಇದಕ್ಕಿಂತ ಕಠಿಣವಾದದ್ದು ಇನ್ನೊಂದಿದೆ. ಮಾಸು ಒಂದೇ ಆದಾಗ ಎರಡು ಕೂಸುಗಳ ರಕ್ತನಾಳಗಳು ಅದರೊಳಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಸಾಮಾನ್ಯವಾಗಿ ಹೋಗುವುದೂ ಬರುವುದೂ ಸರಿದೂಗಿರುತ್ತದೆ. ಆದರೆ ಇಂಥ ನೂರು ಬಸಿರಿನಲ್ಲಿ ಹತ್ತರಿಂದ ಹದಿನೈದರಲ್ಲಿ ಲೆಕ್ಕ ತಪ್ಪಿ, ಒಂದರ ರಕ್ತ ಇನ್ನೊಂದಕ್ಕೆ ಒಂದೇ ಸಮನೆ ಹರಿಯತೊಡಗುತ್ತದೆ. ಕೊಡುವ ಕೂಸು ಬಿಳಿಚಿಕೊಂಡು ಸೊರಗುತ್ತದೆ. ಪಡೆಯುವ ಕೂಸು ದೊಡ್ಡದಾಗುತ್ತದೆ. ಹಾಗಾದರೆ ದೊಡ್ಡದು ಸುಖವಾಗಿದೆ ಎಂದುಕೊಳ್ಳಬೇಡಿರಿ. ನೀರು ಹೆಚ್ಚಾದ ಹೊಲ ಜೌಗು ಹಿಡಿಯುವುದಿಲ್ಲವೇ? ಹೆಚ್ಚಿನ ರಕ್ತವನ್ನು ತಳ್ಳಿ ತಳ್ಳಿ ಆ ಕೂಸಿನ ಎದೆ ಸೋಲುತ್ತದೆ. ಹುಟ್ಟಿದ ಮೇಲೆ ಮೈ ಕೆಂಪಗೆ ಕಾಣುತ್ತದೆ, ರಕ್ತ ಗಟ್ಟಿಯಾಗಿರುತ್ತದೆ, ಕಾಮಾಲೆ ಏರುತ್ತದೆ. "ನೋಡಿರಿ, ಎಷ್ಟು ಕೆಂಪಗೆ, ದುಂಡಗೆ ಇದ್ದಾನೆ" ಎಂದು ಮನೆಮಂದಿ ಸಂತೋಷಪಡುತ್ತಿರುವಾಗ ಅವನಿಗೇ ಅಪಾಯ ಕಾದಿರಬಹುದು. ಆದ್ದರಿಂದ ಎರಡರ ನಡುವೆ ಬಹಳ ಅಂತರವಿದ್ದರೆ ಇಬ್ಬರನ್ನೂ ವೈದ್ಯರು ನೋಡತಕ್ಕದ್ದು.

ಬಹಳ ಅಂತರವೆಂದರೆ ಎಷ್ಟು? ಲೆಕ್ಕ ಸುಲಭವಾಗಿದೆ. ದೊಡ್ಡ ಕೂಸಿನ ತೂಕದಿಂದ ಚಿಕ್ಕದರ ತೂಕ ಕಳೆಯಿರಿ. ಉಳಿದದ್ದು ದೊಡ್ಡದರ ತೂಕದಲ್ಲಿ ನೂರಕ್ಕೆ ಎಷ್ಟು ಎಂದು ನೋಡಿರಿ. 2200 ಗ್ರಾಂ ಮತ್ತು 2000 ಗ್ರಾಂ ಇದ್ದರೆ ಅಂತರ 200, ನೂರಕ್ಕೆ ಒಂಬತ್ತು. ಇದು ಅಣ್ಣತಮ್ಮಂದಿರ ಅಂತರ, ಚಿಂತೆ ಬೇಡ. 2400 ಮತ್ತು 1800 ಇದ್ದರೆ ಅಂತರ 600, ನೂರಕ್ಕೆ ಇಪ್ಪತ್ತೈದು. ಇಪ್ಪತ್ತು, ಇಪ್ಪತ್ತೈದು ದಾಟಿದರೆ ವೈದ್ಯರು ಅದನ್ನು ಎಚ್ಚರಿಕೆಯ ಗುರುತೆಂದು ತಿಳಿಯುತ್ತಾರೆ.

ಆದರೆ ನೂರರ ಲೆಕ್ಕವೊಂದನ್ನೇ ಹಿಡಿದು ಮೋಸಹೋಗಬಾರದು. 1500 ಗ್ರಾಮಿನ ಎರಡು ಕೂಸು ಹುಟ್ಟಿದರೆ ಅಂತರ ಸೊನ್ನೆ. ಅವೆರಡೂ ಆಪತ್ತಿನಲ್ಲಿರುವ ಕೂಸುಗಳು. 3000 ಮತ್ತು 2400 ಇದ್ದರೆ ಅಂತರ ಇಪ್ಪತ್ತು. ಆದರೂ ಅಲ್ಲಿ ಚಿಕ್ಕದು ತಕ್ಕಮಟ್ಟಿಗೆ ಗಟ್ಟಿಯಾಗಿದೆ. 2500 ಗ್ರಾಮಿಗೆ ಕಡಿಮೆಯಿದ್ದ ಯಾವ ಕೂಸೇ ಆಗಲಿ ಕಡಿಮೆ ತೂಕದ್ದೆಂದೇ ಲೆಕ್ಕ. 1800ಕ್ಕೆ ಕಡಿಮೆಯಿದ್ದರೆ ಅದನ್ನು ಮನೆಯಲ್ಲಿಟ್ಟು ನೋಡತಕ್ಕದ್ದಲ್ಲ, ನವಜಾತ ಶಿಶುಗಳ ವಿಶೇಷ ಘಟಕವಿರುವ ಆಸ್ಪತ್ರೆಗೇ ಸೇರಿಸಬೇಕು. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ತುಂಬುವ ಮೊದಲೇ, 37 ವಾರದ ಒಳಗೇ ಹುಟ್ಟುತ್ತವೆ. ಹಾಗಾಗಿ ಅವಳಿಯೆಂದರೆ ಬಹುಮಟ್ಟಿಗೆ ಕಡಿಮೆ ತೂಕವೇ. ಅದರಲ್ಲಿ ಅಂತರ ಬಿದ್ದರೆ ಚಿಕ್ಕದರ ಪಾಲಿಗೆ ಎರಡು ಕಷ್ಟ ಒಟ್ಟಿಗೆ ಬಂದಂತೆ.

ಇಷ್ಟು ಹೊತ್ತು ಹೇಳಿದ್ದು ಬಸಿರಿನೊಳಗಿನ ಮಾತು. ಅದು ನಮ್ಮ ಕೈಯಲ್ಲಿ ಅಷ್ಟಾಗಿ ಇಲ್ಲ. ಹುಟ್ಟಿದ ಮೇಲಿನದು ನಮ್ಮ ಕೈಯಲ್ಲಿದೆ. ಒಂದೆರಡು ಮಾತು ಕಹಿಯಾಗಿ ಕೇಳಿಸಿದರೆ ಕ್ಷಮಿಸಬೇಕು.

ಕುರಿಹಟ್ಟಿಯವರು ಇಲ್ಲಿ ಇದ್ದಾರೆ, ಅವರನ್ನೇ ಕೇಳೋಣ. ಕುರಿ ಅವಳಿ ಮರಿ ಹಾಕಿದರೆ ಏನು ಮಾಡುತ್ತೀರಿ? ದೊಡ್ಡ ಮರಿ ಮೊಲೆಗೆ ನುಗ್ಗುತ್ತದೆ, ಚಿಕ್ಕದು ಹಿಂದೆ ಬೀಳುತ್ತದೆ. ನೀವು ದೊಡ್ಡದನ್ನು ಹಿಡಿದುಕೊಂಡು ಚಿಕ್ಕದಕ್ಕೆ ಮೊದಲು ಉಣ್ಣಿಸುತ್ತೀರಿ. ಚಳಿಗಾಲವಾದರೆ ಕಂಬಳಿಯೊಳಗೆ ಇಟ್ಟುಕೊಂಡು ಮಲಗುತ್ತೀರಿ. ಮರಿಗೆ ಮಾಡುವ ಈ ಉಪಚಾರವನ್ನು ಕೂಸಿಗೆ ಮಾಡಿದರೆ ಸಾಕು, ನನ್ನ ಭಾಷಣ ಅರ್ಧ ಮುಗಿಯಿತು. ಆದರೆ ಮನೆಯೊಳಗೆ ಕೆಲವೊಮ್ಮೆ ಇದಕ್ಕೆ ತಿರುಗುಮುರುಗು ನಡೆಯುವುದನ್ನು ನಾನು ಕಂಡಿದ್ದೇನೆ. ಚೆನ್ನಾಗಿ ಚೀಪುವ ಕೂಸಿಗೆ ಮೊದಲ ಹಾಲು, ಸೊರಗಿದ್ದಕ್ಕೆ ಉಳಿದದ್ದು. "ಇದು ದಕ್ಕುವ ಕೂಸಲ್ಲ" ಎಂದು ಹಿರಿಯರು ಒಂದು ಮಾತು ಆಡಿಬಿಟ್ಟರೆ ಅದೇ ತೀರ್ಪಾಗುತ್ತದೆ. ಚಿಕ್ಕದು ಹೆಣ್ಣಾಗಿದ್ದು ದೊಡ್ಡದು ಗಂಡಾಗಿದ್ದರೆ ಆ ತೀರ್ಪು ಇನ್ನೂ ಬೇಗ ಬರುತ್ತದೆ. ಯಾರೂ ಬೇಕೆಂದು ಕೊಲ್ಲುವುದಿಲ್ಲ. ಸರದಿಯಲ್ಲಿ ಹಿಂದೆ ನಿಲ್ಲಿಸುತ್ತಾರೆ, ಅಷ್ಟೆ. ಚಿಕ್ಕ ಕೂಸಿಗೆ ಅಷ್ಟೇ ಸಾಕಾಗುತ್ತದೆ.

ಚಿಕ್ಕ ಕೂಸಿನ ಕಷ್ಟವೇನೆಂದರೆ ಅದರ ಚರ್ಮದ ಕೆಳಗೆ ಕೊಬ್ಬಿಲ್ಲ. ನಮಗೆ ಸೆಕೆಯೆನಿಸುವ ಕೋಣೆಯಲ್ಲಿಯೂ ಅದಕ್ಕೆ ಥಂಡಿಯಾಗುತ್ತದೆ. ಥಂಡಿಯಾದ ಕೂಸು ಮೈ ಕಾಯಿಸಿಕೊಳ್ಳಲು ತನ್ನೊಳಗಿನ ಸಕ್ಕರೆ ಸುಡುತ್ತದೆ. ಆ ಸಕ್ಕರೆಯ ದಾಸ್ತಾನೂ ಅದರಲ್ಲಿ ಕಡಿಮೆ. ಸಕ್ಕರೆ ಇಳಿದರೆ ಮಂಕಾಗುತ್ತದೆ, ಮಂಕಾದರೆ ಚೀಪುವುದಿಲ್ಲ, ಚೀಪದಿದ್ದರೆ ಸಕ್ಕರೆ ಇನ್ನೂ ಇಳಿಯುತ್ತದೆ. ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ. ಅಳುವುದಕ್ಕೂ ಶಕ್ತಿ ಬೇಕು. ಆದ್ದರಿಂದ ಅವಳಿಯಲ್ಲಿ ಒಂದು ಕೂಸು ಅತ್ತು ರಂಪ ಮಾಡುತ್ತ, ಇನ್ನೊಂದು ಸುಮ್ಮನೆ ಮಲಗಿದ್ದರೆ, ಅಳುವ ಕೂಸಿನ ಕಡೆಗೆ ಓಡಬೇಡಿರಿ. ಸುಮ್ಮನಿರುವ ಕೂಸಿನ ಅಂಗಾಲು ಮುಟ್ಟಿ ನೋಡಿರಿ. ಅಂಗಾಲು ತಣ್ಣಗಿದ್ದು ಹೊಟ್ಟೆ ಬೆಚ್ಚಗಿದ್ದರೆ ಥಂಡಿ ಶುರುವಾಗಿದೆ ಎಂದರ್ಥ. ಹೊಟ್ಟೆಯೂ ತಣ್ಣಗಾಗಿದ್ದರೆ ಒಂದು ಗಳಿಗೆಯೂ ಕಾಯತಕ್ಕದ್ದಲ್ಲ. ಥರ್ಮಾಮೀಟರ್ ಇದ್ದರೆ ಕಂಕುಳಲ್ಲಿಟ್ಟು ನೋಡಬಹುದು, 36.5ರಿಂದ 37.5 ಡಿಗ್ರಿಯ ನಡುವೆ ಇರಬೇಕು.

ಈ ಥಂಡಿಗೆ ಏನು ಮಾಡಬೇಕು? ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ ಬೇಡ. ಹೊಗೆ ಆ ಎಳೆಯ ಪುಪ್ಪುಸಕ್ಕೆ ಶತ್ರು. ಇದಕ್ಕೊಂದು ಬೇರೆ ಉಪಾಯವಿದೆ, ಅದರ ಕಥೆ ದೂರ ದೇಶದ್ದು. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ಪಟ್ಟಣದಲ್ಲಿ ಬಡವರಿಗೆಂದೇ ಇದ್ದ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ 1978ರ ಸುಮಾರಿಗೆ ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳು ಸಾಲದೆ, ಒಂದೊಂದು ಪೆಟ್ಟಿಗೆಯಲ್ಲಿ ಎರಡು ಮೂರು ಕೂಸುಗಳನ್ನು ಮಲಗಿಸುತ್ತಿದ್ದರು. ಒಂದರ ಸೋಂಕು ಇನ್ನೊಂದಕ್ಕೆ ತಗಲುತ್ತಿತ್ತು. ಆಗ ಡಾ. ಎಡ್ಗರ್ ರೇ ಎಂಬ ವೈದ್ಯರು ಒಂದು ಯೋಚನೆ ಮಾಡಿದರು. ಕಾಂಗರೂ ಎಂಬ ಪ್ರಾಣಿ ದಿನ ತುಂಬದ ಮರಿಯನ್ನು ಹೊಟ್ಟೆಯ ಚೀಲದಲ್ಲಿಟ್ಟುಕೊಂಡು ಸಾಕುತ್ತದೆ. ಹಾಗೆಯೇ ಕೂಸನ್ನು ತಾಯಿಯ ಬರಿ ಎದೆಗೆ ಕಟ್ಟಿದರೆ ಏನು? ಕಟ್ಟಿ ನೋಡಿದರು, ಕೂಸುಗಳು ಬದುಕಿದವು. ಅದಕ್ಕೇ ಇದನ್ನು ಕಾಂಗರೂ ತಾಯಿ ಆರೈಕೆ ಎನ್ನುತ್ತಾರೆ.

ಕೊಲಂಬಿಯಾದ ಮಾತು ನಮಗೇಕೆ ಎನ್ನಬೇಡಿರಿ. ಹರಿಯಾಣದ ಹಳ್ಳಿಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಕಡಿಮೆ ತೂಕದ ಕೂಸುಗಳ ಮೇಲೆ, ಮನೆಯಲ್ಲಿಯೇ ಈ ಆರೈಕೆ ಮಾಡಿಸಿ ಪರೀಕ್ಷಿಸಿದರು. 2019ರಲ್ಲಿ ವರದಿ ಪ್ರಕಟವಾಯಿತು. ಮೊದಲ ತಿಂಗಳ ಸಾವು ಸುಮಾರು ನೂರಕ್ಕೆ ಮೂವತ್ತರಷ್ಟು ಇಳಿದಿತ್ತು. ಔಷಧವಿಲ್ಲ, ಯಂತ್ರವಿಲ್ಲ, ಎದೆಯ ಕಾವು ಮತ್ತು ತಾಯಿಯ ಹಾಲು ಅಷ್ಟೆ. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಪದ್ಧತಿಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ನೆಲೆಗೊಳಿಸುವ ಕೆಲಸ ನಡೆದು, ಹೊರದೇಶದವರೂ ಅದರ ವರದಿ ಓದಿದ್ದಾರೆ.

ಗಂಡಸರನ್ನು ಕೂರಿಸಿಕೊಂಡದ್ದು ಈ ಮಾತಿಗೇ. ಒಂದು ಕೂಸಾದರೆ ತಾಯಿಯ ಎದೆ ಸಾಕು. ಎರಡು ಕೂಸಾದರೆ? ತಾಯಿ ಉಣ್ಣಬೇಕು, ಮಲಗಬೇಕು, ಸ್ನಾನ ಮಾಡಬೇಕು. ದಿನಕ್ಕೆ ಎಂಟು ತಾಸಾದರೂ, ಸಾಧ್ಯವಾದರೆ ಹಗಲು ರಾತ್ರಿ, ಕೂಸು ಎದೆಯ ಮೇಲಿರಬೇಕು. ಅವಳೊಬ್ಬಳಿಂದ ಆಗುವ ಕೆಲಸವಲ್ಲ. ಅಲ್ಲಿ ತಂದೆಯ ಎದೆ ಬೇಕು, ಅಜ್ಜಿಯ ಎದೆ ಬೇಕು. ಕೈಕಾಲು, ಎದೆ ತೊಳೆದುಕೊಂಡು, ಅಂಗಿ ಬನಿಯನ್ನು ತೆಗೆದು, ಒರಗಿ ಕುಳಿತುಕೊಳ್ಳಬೇಕು. ಕೂಸಿಗೆ ಟೋಪಿ, ಲಂಗೋಟಿ ಬಿಟ್ಟರೆ ಬೇರೆ ಬಟ್ಟೆ ಬೇಡ. ಎದೆಯ ನಡುವೆ ನೆಟ್ಟಗೆ, ಕಪ್ಪೆಯ ಹಾಗೆ ಕೈಕಾಲು ಮಡಿಸಿ ಇಟ್ಟು, ಮುಖ ಒಂದು ಬದಿಗೆ ತಿರುಗಿಸಿ, ಮೂಗು ಮುಚ್ಚದಂತೆ ನೋಡಿಕೊಂಡು ಹಳೆಯ ಮೆತ್ತನೆಯ ಸೀರೆಯಿಂದ ಸುತ್ತಿ ಕಟ್ಟಬೇಕು. ಬೀಡಿ ಸೇದುವವನು ಸೇದಿ ಬಂದು ಕೂಸನ್ನು ಮುಟ್ಟಬಾರದು. ಕೆಮ್ಮು ನೆಗಡಿ ಇದ್ದವರು ದೂರವಿರಬೇಕು.

2014ರಲ್ಲಿ ನಾನು ಕಂಡ ಒಂದು ಮನೆಯನ್ನು ಹೇಳುತ್ತೇನೆ. ಆಸ್ಪತ್ರೆಯ ಹೆರಿಗೆ, ಒಂದು ಗಂಡು, ಒಂದು ಹೆಣ್ಣು. ಗಂಡು 2450, ಹೆಣ್ಣು 1850. ಲೆಕ್ಕ ಹಾಕಿದರೆ ನೂರಕ್ಕೆ ಇಪ್ಪತ್ತನಾಲ್ಕು. ಮನೆಗೆ ಬಂದ ಮರುದಿನ ಆಶಾ ಕಾರ್ಯಕರ್ತೆ ಭೇಟಿ ಕೊಟ್ಟಾಗ ಹೆಣ್ಣು ಕೂಸು ಮೂಲೆಯ ಮೊರದಲ್ಲಿ ಅರಳೆಯೊಳಗೆ ಮಲಗಿತ್ತು. ಅಂಗಾಲು ಹಿಡಿದು ನೋಡಿ ನನಗೆ ಫೋನು ಮಾಡಿದಳು. ನಾನು ಹೋದೆ. ಅಜ್ಜಿ ಹೇಳಿದ್ದು ಆ ಹಳೆಯ ಮಾತೇ, "ಉಳಿಯೋ ಕೂಸಲ್ಲವ್ವಾ, ಸುಮ್ಮನೆ ತ್ರಾಸ ತಗೋಬ್ಯಾಡ್ರಿ". ಬಾಣಂತಿ ಗಂಡು ಕೂಸಿಗೆ ಹಾಲೂಡಿಸುತ್ತಿದ್ದಳು. ಅಲ್ಲಿಯೇ ಬಾಗಿಲಲ್ಲಿ ನಿಂತಿದ್ದ ತಂದೆಗೆ, "ಅಪ್ಪಾ, ಅಂಗಿ ಬಿಚ್ಚು" ಎಂದೆ. ಅವನು ನಾಚಿಕೊಂಡ. ಹೊರಗೆ ಅಣ್ಣತಮ್ಮಂದಿರು ಕುಳಿತಿದ್ದರು. "ಹಟ್ಟಿಯಲ್ಲಿ ಮರಿಯನ್ನು ಕಂಬಳಿಯೊಳಗೆ ಇಟ್ಟುಕೊಳ್ಳುವಾಗ ನಾಚಿಕೆ ಬರುತ್ತದೋ?" ಎಂದು ಕೇಳಿದೆ. ಅವನು ಕುರಿ ಸಾಕಿದವನು. ಸುಮ್ಮನೆ ಅಂಗಿ ಬಿಚ್ಚಿ ಕುಳಿತ. ತಾಯಿಯಿಂದ ಹಾಲು ಹಿಂಡಿಸಿ ಒಳಲೆಯಲ್ಲಿ ಹನಿ ಹನಿಯಾಗಿ ಕುಡಿಸಿದೆವು. 108 ವಾಹನ ಬರುವ ತನಕ ಕೂಸು ಅವನ ಎದೆಯ ಮೇಲಿತ್ತು, ಆಸ್ಪತ್ರೆಯ ತನಕವೂ ಅಲ್ಲಿಯೇ ಇತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಆಮೇಲೆ ಒಂದು ತಿಂಗಳು ರಾತ್ರಿ ಪಾಳಿ ತಂದೆಯದೇ. ಆ ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ, ಅಣ್ಣನಿಗಿಂತ ಎರಡು ಬೆರಳು ಗಿಡ್ಡ, ಮಾತಿನಲ್ಲಿ ಮಾತ್ರ ಅವನಿಗಿಂತ ಜೋರು.

ಹಾಲಿನ ಮಾತಿಗೆ ಬರೋಣ. "ಒಬ್ಬ ತಾಯಿ, ಎರಡು ಬಾಯಿ, ಹಾಲು ಸಾಲುತ್ತದೆಯೇ?" ಎಂಬುದು ಎಲ್ಲರ ಪ್ರಶ್ನೆ. ಸಾಲುತ್ತದೆ. ಚೀಪಿದಷ್ಟೂ, ಹಿಂಡಿದಷ್ಟೂ ಹಾಲು ಇಳಿಯುವುದು ಅದರ ಧರ್ಮ. ಆದರೆ ತಾಯಿಗೆ ಊಟ ಬೇಕು. ನೀರು ಕುಡಿದರೆ ಶೀತ, ಸೊಪ್ಪು ತಿಂದರೆ ಕೂಸಿಗೆ ಭೇದಿ ಎಂದು ಬಾಣಂತಿಯನ್ನು ಒಣ ರೊಟ್ಟಿಯ ಮೇಲೆ ಕೂಡಿಸಿದರೆ ಹಾಲು ಎಲ್ಲಿಂದ ಬರಬೇಕು? ಕಾಳು, ಸೊಪ್ಪು, ಹಾಲು, ಮೊಟ್ಟೆ, ತಿನ್ನುವವರಾದರೆ ಮಾಂಸ, ಬಾಯಾರಿದಾಗ ನೀರು, ಎಲ್ಲವನ್ನೂ ಕೊಡಿರಿ. ಹೆರಿಗೆಯಾದ ತಾಸಿನೊಳಗೆ ಬರುವ ಹಳದಿ ಬಣ್ಣದ ಮೊದಲ ಹಾಲನ್ನು ಚೆಲ್ಲಬೇಡಿರಿ. ಕರುವಿಗೆ ಗಿಣ್ಣದ ಹಾಲು ಕುಡಿಸದ ರೈತನನ್ನು ನೀವು ದಡ್ಡ ಎನ್ನುವುದಿಲ್ಲವೇ? ಇದೂ ಅದೇ. ಜೇನು, ಸಕ್ಕರೆ ನೀರು, ಹರಳೆಣ್ಣೆ, ತೇದ ಬಜೆ ಇವು ಯಾವುವೂ ಆ ಬಾಯಿಗೆ ಬೇಡ. ಆರು ತಿಂಗಳು ಎದೆಹಾಲು ಮಾತ್ರ.

ಚಿಕ್ಕ ಕೂಸಿಗೆ ಎರಡು ತಾಸಿಗೊಮ್ಮೆ, ಮಲಗಿದ್ದರೂ ಎಬ್ಬಿಸಿ ಹಾಲು ಕೊಡಬೇಕು. ಹಸಿದಾಗ ತಾನೇ ಅಳುತ್ತದೆ ಎಂದು ಕಾಯಬಾರದು. ಮೊದಲು ಚಿಕ್ಕದಕ್ಕೆ, ಆಮೇಲೆ ದೊಡ್ಡದಕ್ಕೆ. ಐದು ನಿಮಿಷ ಚೀಪಿ ದಣಿದು ಮಲಗಿತೇ, ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿರಿ. ಒಳಲೆಯನ್ನು ಕುದಿಸಿ ತೆಗೆದಿರಬೇಕು. ಬಾಟಲಿಯ ಗೋಜು ಬೇಡವೇ ಬೇಡ, ಅದರ ತುದಿಯ ಕೊಳೆ ಹೋಗುವುದಿಲ್ಲ. 2 ಕಿಲೋ ಮುಟ್ಟುವ ತನಕ ಎಣ್ಣೆ ನೀರಿನ ಸಂಭ್ರಮವೂ ಬೇಡ. ಬೆಚ್ಚನೆಯ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ನಮ್ಮ ಅಜ್ಜಿಯಂದಿರಿಗೆ ಈ ಮಾತು ಹಿಡಿಸುವುದಿಲ್ಲವೆಂದು ಬಲ್ಲೆ. ಬೇಕಾದರೆ ಆಮೇಲೆ ನನ್ನೊಡನೆ ಜಗಳವಾಡಲಿ.

ಇನ್ನು ಮತ್ತೆ ತೂಕ. ಯಾವ ಕೂಸೇ ಆಗಲಿ ಹುಟ್ಟಿದ ಮೊದಲ ವಾರ ಸ್ವಲ್ಪ ಇಳಿಯುತ್ತದೆ, ನೂರಕ್ಕೆ ಹತ್ತರ ತನಕ ಇಳಿಯಬಹುದು. ಹತ್ತು ಹದಿನಾಲ್ಕು ದಿನಗಳಲ್ಲಿ ಹುಟ್ಟಿದಾಗಿನ ತೂಕಕ್ಕೆ ತಿರುಗಿ ಬರಬೇಕು. ಅಲ್ಲಿಂದ ಮುಂದೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ವಾರಕ್ಕೆ 150ರಿಂದ 200 ಗ್ರಾಂ ಎಂದು ನೆನಪಿಡಿರಿ. ಇದನ್ನು ಪ್ರತಿಯೊಂದು ಕೂಸಿಗೂ ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿರಿ. ಚಿಕ್ಕದನ್ನು ದೊಡ್ಡದರೊಡನೆ ಹೋಲಿಸಬೇಡಿರಿ, ಅದರ ಹಿಂದಿನ ವಾರದೊಡನೆ ಹೋಲಿಸಿರಿ. ತದ್ರೂಪಿನ ಕೂಸುಗಳಾದರೆ ಯಾವುದು ಯಾವುದೆಂದು ತಿಳಿಯದೆ ಒಂದಕ್ಕೇ ಎರಡು ಸಲ ಹಾಲು ಕುಡಿಸಿ, ಇನ್ನೊಂದನ್ನು ಉಪವಾಸ ಕೆಡವಿದ ಮನೆಯನ್ನೂ ಕಂಡಿದ್ದೇನೆ. ಒಂದರ ಕಾಲಿಗೆ ಸಡಿಲವಾಗಿ ಕರಿದಾರ ಕಟ್ಟಿದರೆ ತೀರಿತು. ತೂಗುವಾಗ ಜೋಳಿಗೆಯ ತೂಕ ಕಳೆದು ಮುಳ್ಳನ್ನು ಸೊನ್ನೆಗೆ ತಂದರೋ ಇಲ್ಲವೋ ನೋಡಿರಿ. ಮಂಡಿಯಲ್ಲಿ ನೋಡುತ್ತೀರಲ್ಲ, ಹಾಗೆಯೇ.

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ 39 ಹಳ್ಳಿಗಳಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿಗಳು ಊರ ಹೆಣ್ಣುಮಕ್ಕಳ ಕೈಗೇ ತಕ್ಕಡಿ, ಥರ್ಮಾಮೀಟರ್ ಕೊಟ್ಟು ಎಳೆಗೂಸುಗಳ ಆರೈಕೆ ಕಲಿಸಿದರು. ಎಳೆಗೂಸುಗಳ ಸಾವು ಅಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯಿತೆಂಬುದು 1999ರಲ್ಲಿ ಪ್ರಕಟವಾಗಿ ಜಗತ್ತಿಗೆಲ್ಲ ತಿಳಿಯಿತು. ಆ ಅನುಭವದಿಂದಲೇ 2011ರಿಂದ ನಮ್ಮ ದೇಶದ ಆಶಾ ಕಾರ್ಯಕರ್ತೆಯರಿಗೆ ಮನೆಭೇಟಿಯ ಕೆಲಸ ಬಂದದ್ದು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28, 42ನೆಯ ದಿನ ಅವಳು ಬರುತ್ತಾಳೆ. ಅವಳು ಬಂದಾಗ "ಕೂಸು ಮಲಗಿದೆ, ನಾಳೆ ಬಾರವ್ವ" ಎನ್ನಬೇಡಿರಿ. ಆ ಮಾತಿನ ಬೆಲೆ ನನಗೆ ಗೊತ್ತು.

ಕೂಸು ಹಾಲು ಬಿಟ್ಟಿತು, ಮೈ ತಣ್ಣಗಾಯಿತು ಇಲ್ಲವೆ ಸುಡುತ್ತಿದೆ, ನಿಮಿಷಕ್ಕೆ ಅರವತ್ತು ಸಲಕ್ಕಿಂತ ಹೆಚ್ಚು ಉಸಿರಾಡುತ್ತಿದೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದೆ, ಅಂಗೈ ಅಂಗಾಲು ಹಳದಿಯಾಗಿದೆ, ಸೆಟೆದುಕೊಂಡಿತು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನು ಮಾಡಿರಿ. 2011ರ ಜೂನ್ ತಿಂಗಳಿನಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಎಳೆಗೂಸಿನ ಚಿಕಿತ್ಸೆ, ಔಷಧ, ಹೋಗಿಬರುವ ವಾಹನ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ದುಡ್ಡಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ಅವಳಿಯಲ್ಲಿ ಒಂದಕ್ಕೆ ಕಾಯಿಲೆಯಾದರೆ ಇನ್ನೊಂದನ್ನು ಮನೆಯಲ್ಲಿ ಬಿಡಬೇಡಿರಿ, ತಾಯಿಯೊಡನೆ ಎರಡೂ ಹೋಗಲಿ.

ಬಸುರಿಯರಿಗೆ ಒಂದು ಮಾತು. ಹೊಟ್ಟೆಯ ಚಿತ್ರ ತೆಗೆಯುವ ಸ್ಕ್ಯಾನಿಂಗನ್ನು ಮೂರು ತಿಂಗಳ ಹೊತ್ತಿಗೇ ಮಾಡಿಸಿಕೊಳ್ಳಿರಿ. ಅವಳಿಯೋ ಎಂಬುದು ಮಾತ್ರವಲ್ಲ, ಮಾಸು ಒಂದೋ ಎರಡೋ ಎಂಬುದೂ ಆಗಲೇ ಚೆನ್ನಾಗಿ ಕಾಣುತ್ತದೆ. ತಡವಾದರೆ ತಿಳಿಯುವುದು ಕಷ್ಟ. ಮಾಸು ಒಂದೇ ಎಂದು ಕಂಡರೆ ನಾಲ್ಕನೆಯ ತಿಂಗಳಿನಿಂದ ಎರಡು ವಾರಕ್ಕೊಮ್ಮೆ ತಜ್ಞ ವೈದ್ಯರು ನೋಡಬೇಕಾಗುತ್ತದೆ. ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿರಿ. ಕೇಳುವುದೂ ಹೇಳುವುದೂ 1994ರ ಕಾಯಿದೆಯಂತೆ ಅಪರಾಧ. ಅವಳಿ ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು. ಹೆರಿಗೆಯಾದ ಮೇಲೆ ರಕ್ತಸ್ರಾವದ ಭಯ ಇಂಥವರಿಗೆ ಹೆಚ್ಚು. ಅದಕ್ಕೇ ಕಬ್ಬಿಣದ ಗುಳಿಗೆಯನ್ನು ಗೂಡಿನಲ್ಲಿ ಇಟ್ಟು ಮರೆಯಬಾರದು.

ಸಭೆ ಶುರುವಾಗುವ ಮೊದಲು ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳಿದರು. ಎಲ್ಲರೆದುರು ಕೇಳಲು ಸಂಕೋಚವಂತೆ. "ತಾಯಿ, ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಕಡಸು ಬಹುಮಟ್ಟಿಗೆ ಗೊಡ್ಡಾಗುತ್ತದೆ. ನಮ್ಮ ಮೊಮ್ಮಗಳು ಮೊಮ್ಮಗನ ಜೊತೆ ಹುಟ್ಟಿದ್ದಾಳೆ. ಅವಳಿಗೂ ಹಾಗಾಗುತ್ತದೆಯೇ?" ಎಂದರು. ಒಳ್ಳೆಯ ಪ್ರಶ್ನೆ. ದನದ ವಿಷಯದಲ್ಲಿ ಅವರು ಹೇಳಿದ್ದು ನಿಜ, ಹತ್ತರಲ್ಲಿ ಒಂಬತ್ತು ಸಲ ಹಾಗೆಯೇ ಆಗುತ್ತದೆ. ಆಕಳ ಹೊಟ್ಟೆಯಲ್ಲಿ ಎರಡು ಕರುಗಳ ರಕ್ತನಾಳಗಳು ಬೇಗನೆ ಕೂಡಿಕೊಂಡು, ಹೋರಿಯ ರಕ್ತದೊಳಗಿನ ರಸಗಳು ಕಡಸಿನೊಳಗೆ ಹರಿದು ಅದರ ಗರ್ಭಕೋಶ ಬೆಳೆಯದಂತೆ ಮಾಡುತ್ತವೆ. ಮನುಷ್ಯರಲ್ಲಿ ಹಾಗಿಲ್ಲ. ಒಂದು ಗಂಡು ಒಂದು ಹೆಣ್ಣು ಎಂದರೆ ಅವು ಎರಡು ಅಂಡದವು, ಎರಡು ಮಾಸಿನವು. ಒಂದರ ರಕ್ತ ಇನ್ನೊಂದಕ್ಕೆ ಹರಿಯುವುದಿಲ್ಲ. ನಿಮ್ಮ ಮೊಮ್ಮಗಳು ಮುಂದೆ ಎಲ್ಲ ಹೆಣ್ಣುಮಕ್ಕಳಂತೆ ತಾಯಿಯಾಗಬಲ್ಲಳು. ಅವಳ ತೂಕ ಈಗ ಎಷ್ಟೆಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ, ಮೊಮ್ಮಗನದು ಗೊತ್ತಿತ್ತು. ಅವರ ಸೊಸೆ ಎರಡೂ ಕೂಸುಗಳನ್ನು ಎತ್ತಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ತಕ್ಕಡಿ ಇಲ್ಲಿಯೇ ಮೇಜಿನ ಮೇಲಿದೆ. ನನ್ನ ಮಾತು ಮುಗಿಯಿತು, ಅವಳನ್ನು ಮುಂದೆ ಬಿಡಿರಿ.